ಎಂಟನೇ ಗಂಟೆಯ ಗಾಜು

ಅಳಿಯ ಒಳಕೋಣೆಯಲ್ಲಿ ಇರಲಿಲ್ಲ.

ಮೆಕ್ಯಾನಿಕ್ ಲೆನ್ಸು ಮೈಕ್ರೋಸ್ಕೋಪಿನಿಂದ ತಲೆ ಎತ್ತಿ, ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಮತ್ತೆ ಬಗ್ಗಿದ. ಸ್ಲೈಡಿನ ಗಾಜನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದ. ಅಲ್ಲೂ ಇಲ್ಲ. ಬಲಕ್ಕೆ ಸರಿಸಿದ. ಊಹೂಂ. ಎಣಿಸುತ್ತ ಹೋದವನು ಇನ್ನೂರು ಜೀವಕೋಶ ದಾಟಿದ ಮೇಲೆ ಎಣಿಸುವುದನ್ನೇ ಬಿಟ್ಟ. ಎಲ್ಲ ಕಡೆ ಅದೇ ಹಣೆಬರಹ.

“ದೀಪ ಸರಿಹೋಯ್ತೇನಯ್ಯಾ?” ಹಿಂದಿನಿಂದ ಇನ್‌ಸ್ಪೆಕ್ಟರ್ ಕೇಳಿದರು. ಎತ್ತರದ ಸ್ಟೂಲಿನ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದರು. ಮುಂದಿನ ವರ್ಷ ನಿವೃತ್ತಿಯಾಗುವ ಹೆಂಗಸು. ಮೆಟ್ಟಿಲು ಹತ್ತಿಸಿದ ಪ್ರತಿಯೊಬ್ಬರ ಮೇಲೂ ಅವರಿಗೆ ಅನುಮಾನ.

“ದೀಪ ಸರಿಹೋಯ್ತು ಮೇಡಂ. ಗಾಜು ಸರಿ ಇಲ್ಲ.”

“ಒಡೆದಿದೆಯಾ?”

“ಒಡೆದಿಲ್ಲ. ಸುಳ್ಳು ಹೇಳ್ತಿದೆ.”

ಮಂಗಳವಾರ ಮಧ್ಯಾಹ್ನ ಈ ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡ ಮೇಷ್ಟ್ರು ತಣ್ಣನೆ ಕೋಣೆಯಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದರು. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು, ಬೀಗದಲ್ಲಿ ನೇತಾಡುತ್ತಿದ್ದದ್ದು ಇಲ್ಲೇ ಕೆಲಸ ಮಾಡುವ ಲೆನ್ಸುವಿನ ಅಕ್ಕನ ಕೀಗೊಂಚಲು. ಇಂದು ಶನಿವಾರ. ಮೇಷ್ಟ್ರಿಗೆ ಇನ್ನೂ ಎಚ್ಚರ ಬಂದಿಲ್ಲ. ಮೂರು ಗಂಟೆಗೆ ಅಕ್ಕನನ್ನು ಜೀಪಿಗೆ ಹತ್ತಿಸಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಈಗ ಒಂದೂಮುಕ್ಕಾಲು.

ಮೈಕ್ರೋಸ್ಕೋಪಿನ ಕೋಣೆ ಒಂದು ಬಚ್ಚಲುಮನೆಯಷ್ಟೇ ದೊಡ್ಡದು. ಕಿಟಕಿಗೆ ಕಪ್ಪು ಪರದೆ. ಹೊರಗೆ ಸುಡುಬಿಸಿಲಿದ್ದರೂ ಒಳಗೆ ಯಂತ್ರದ ದೀಪದ ಮಸುಕು ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಹೊಸ ದೀಪದ ಫ್ಯಾನು ಗುಂಯ್‌ಗುಡುತ್ತಿತ್ತು. ಬೆಳಗ್ಗೆ ಇನ್‌ಸ್ಪೆಕ್ಟರ್ ಈ ಯಂತ್ರದಲ್ಲಿ ಸಾಕ್ಷ್ಯದ ಗಾಜು ನೋಡಬೇಕೆಂದು ಬಂದರೆ ದೀಪವೇ ಸುಟ್ಟುಹೋಗಿತ್ತು. ಅದನ್ನು ಬದಲಾಯಿಸುವುದು ಈ ಊರಿನಲ್ಲಿ ಒಬ್ಬನಿಗೇ ಗೊತ್ತು. ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟು, ಕೈಗೆ ಸ್ಕ್ರೂಡ್ರೈವರ್ ತೆಗೆದುಕೊಂಡ ಲೆನ್ಸುವಿಗೆ.

“ಅವಳು ನಿನ್ನ ಅಕ್ಕ ಅಂತ ಗೊತ್ತು,” ಎಂದಿದ್ದರು ಇನ್‌ಸ್ಪೆಕ್ಟರ್, ಬಾಗಿಲಲ್ಲೇ. “ಬೇರೆ ಮೆಕ್ಯಾನಿಕ್ ಸಿಗಲಿಲ್ಲ. ದೀಪ ಹಾಕು, ಗಾಜು ಇಡು, ಬಾಯಿ ಮುಚ್ಚಿಕೊಂಡಿರು.”

ಮೊದಲೆರಡನ್ನು ಅವನು ಮಾಡಿದ್ದ. ಮೂರನೆಯದು ಹುಟ್ಟಿದಾಗಿನಿಂದ ಅವನ ಕೈಲಿ ಆಗಿರಲಿಲ್ಲ.

“ಸುಳ್ಳು ಅಂದ್ರೆ ಏನು? ಬಿಡಿಸಿ ಹೇಳು. ನಾನು ವಿಜ್ಞಾನ ಬಿಟ್ಟು ಮೂವತ್ತೈದು ವರ್ಷ ಆಯ್ತು.”

“ನಾನು ಹಿಡಿದೇ ಇಲ್ಲ ಮೇಡಂ. ಆದ್ರೂ ಹೇಳ್ತೀನಿ. ಒಂದು ಜೀವಕೋಶ ಅಂದ್ರೆ ಒಂದು ಮನೆ ಅಂದ್ಕೊಳ್ಳಿ. ನಟ್ಟನಡುವೆ ಒಂದು ಒಳಕೋಣೆ. ಮನೆ ಕಾಗದಪತ್ರ, ಬೀಗದ ಕೈ ಎಲ್ಲ ಅಲ್ಲಿ. ಸುತ್ತ ಹಜಾರ. ಈಗ ಹರ್ಪಿಸ್ ವೈರಸ್ ಮನೆಗೆ ನುಗ್ಗುತ್ತೆ.”

“ತುಟಿ ಮೇಲೆ ಗುಳ್ಳೆ ಏಳುತ್ತಲ್ಲ, ಅದು.”

“ಅದೇ. ನುಗ್ಗಿದ ತಕ್ಷಣ ಅದು ಒಂದು ಪ್ರೋಟೀನ್ ಮಾಡಿಸಿಕೊಳ್ಳುತ್ತೆ. ಆ ಪ್ರೋಟೀನ್ ಸೀದಾ ಒಳಕೋಣೆಗೆ ಹೋಗಿ ಕೂರುತ್ತೆ. ಅಲ್ಲಿರೋ ಕಾವಲಿನೋರನ್ನ ಮೊದಲು ಮುಗಿಸುತ್ತೆ. ನಾಲ್ಕು ಗಂಟೆ ಹೊತ್ತು ಕೋಣೆ ಬಿಟ್ಟು ಅಲ್ಲಾಡಲ್ಲ. ಕೆಲಸ ಆಯ್ತೋ, ಮೆಲ್ಲಗೆ ಹಜಾರಕ್ಕೆ ಬರುತ್ತೆ. ಎಂಟನೇ ಗಂಟೆಗೆ ಒಳಕೋಣೆ ಪೂರಾ ಖಾಲಿ. ಅದಕ್ಕೆ ಇಲ್ಲಿ ಎಲ್ಲರೂ ಅಳಿಯ ಅಂತಾರೆ.”

“ಯಾರು ಇಟ್ಟ ಹೆಸರು?”

“ಅಕ್ಕ. ಮದುವೆಯಾದ ಹೊಸದರಲ್ಲಿ ಕೋಣೆ ಬಿಟ್ಟು ಬರಲ್ಲ, ಆಮೇಲೆ ಹಜಾರ ಬಿಟ್ಟು ಏಳಲ್ಲ ಅಂತ.”

ಇನ್‌ಸ್ಪೆಕ್ಟರ್ ಕತ್ತಲಲ್ಲೇ ನಕ್ಕರು. “ನಮ್ಮನೇಲೂ ಒಬ್ಬ ಇದ್ದಾನೆ. ಮುಂದೆ ಹೇಳು.”

ಲೆನ್ಸು ಕಪಾಟಿನಿಂದ ಒಂದು ಮರದ ಡಬ್ಬಿ ತೆಗೆದ. ಅದಕ್ಕೆ ಗಡಿಯಾರದ ಡಬ್ಬಿ ಎಂದು ಹೆಸರು. ದೊಡ್ಡ ಮೇಷ್ಟ್ರು ಬಂದ ಮೊದಲ ವರ್ಷವೇ ಮಾಡಿಸಿದ್ದು. ಐದು ಗಾಜು. ವೈರಸ್ ಹಾಕಿ ಎರಡು, ನಾಲ್ಕು, ಆರು, ಎಂಟು, ಹತ್ತು ಗಂಟೆಗೆ ಸರಿಯಾಗಿ ಫಾರ್ಮಲಿನ್ ಸುರಿದು ಜೀವಕೋಶಗಳನ್ನು ಇದ್ದಲ್ಲೇ ನಿಲ್ಲಿಸಿದ ಗಾಜುಗಳು. ಫಾರ್ಮಲಿನ್ ಬಿದ್ದ ಕ್ಷಣಕ್ಕೆ ಯಾರು ಎಲ್ಲಿದ್ದರೋ ಅಲ್ಲೇ ಕಲ್ಲಾಗುತ್ತಾರೆ. ಆಮೇಲೆ ಒಳಕೋಣೆಗೆ ನೀಲಿ, ಅಳಿಯನಿಗೆ ಹಸಿರು ಬಣ್ಣ ಹತ್ತಿಸುವುದು. ಹೊಸ ಹುಡುಗರು ತಮ್ಮ ಗಾಜನ್ನು ಈ ಡಬ್ಬಿಯ ಗಾಜಿನ ಪಕ್ಕ ಇಟ್ಟು ನೋಡದೆ ಒಂದು ಸಾಲೂ ಬರೆಯಕೂಡದು ಎಂಬುದು ಮೇಷ್ಟ್ರ ಕಟ್ಟಪ್ಪಣೆ.

ಹುಡುಗರು ಅದನ್ನು ಎಂದೋ ಮರೆತಿದ್ದರು. ಡಬ್ಬಿಯ ಮೇಲಿನ ಧೂಳು ಒರೆಸುತ್ತಿದ್ದವನು ಲೆನ್ಸು ಒಬ್ಬನೇ. ಯಂತ್ರ ರಿಪೇರಿ ಮಾಡಿದ ಮೇಲೆ ಫೋಕಸ್ಸು ಸರಿಯಾಗಿದೆಯೋ ಎಂದು ನೋಡಲು ಅವನಿಗೆ ಒಂದು ಗಾಜು ಬೇಕಿತ್ತು. ಹನ್ನೆರಡು ವರ್ಷದಿಂದ ಅವನು ನೋಡುತ್ತಿದ್ದದ್ದು ಈ ಐದನ್ನೇ. ಡಿಗ್ರಿ ಮೇಲೆ ಡಿಗ್ರಿ ಪೇರಿಸಿಕೊಂಡವರು ಪುಸ್ತಕದಲ್ಲಿ ಓದಿದ್ದನ್ನು ಅವನು ಬಾಡಿಗೆ ಮನೆಯ ಎದುರುಮನೆಯವರನ್ನು ಬಲ್ಲಂತೆ ಬಲ್ಲ.

“ನೀವೇ ನೋಡಿ ಮೇಡಂ, ಹಸಿರೊಂದೇ ಕಾಣೋ ಹಾಗೆ ಇಟ್ಟಿದ್ದೀನಿ. ಇದು ನಾಲ್ಕನೇ ಗಂಟೆ.”

ಇನ್‌ಸ್ಪೆಕ್ಟರ್ ಟೋಪಿ ತೆಗೆದಿಟ್ಟು ಬಗ್ಗಿದರು. “ಮಧ್ಯದಲ್ಲಿ ದುಂಡಗೆ ಹಸಿರು. ಸುತ್ತ ಕಪ್ಪು.”

“ಇದು ಎಂಟನೇ ಗಂಟೆ.”

“ಅಯ್ಯೋ, ತಿರುವುಮುರುವು. ಮಧ್ಯೆ ಕಪ್ಪು, ಸುತ್ತ ಹಸಿರು.”

“ಈಗ ಚಿಕ್ಕ ಡಾಕ್ಟರ್ ಸಾಕ್ಷಿಗೆ ಕೊಟ್ಟ ಗಾಜು. ಲೇಬಲ್ ಓದಿ ಮೊದಲು.”

“ಮಂಗಳವಾರ. ನಾಲ್ಕನೇ ಗಂಟೆ.” ಟಾರ್ಚು ಆರಿಸಿ ಅವರು ಬಗ್ಗಿದರು. “ಇಲ್ಲೂ ಮಧ್ಯೆ ಕಪ್ಪು, ಸುತ್ತ ಹಸಿರು.” ಎದ್ದಾಗ ಮಂಡಿಯ ನೋವು ಮರೆತಂತಿತ್ತು.

ಚಿಕ್ಕ ಡಾಕ್ಟರ್ ಹೇಳಿಕೆ ಇನ್‌ಸ್ಪೆಕ್ಟರಿಗೆ ಬಾಯಿಪಾಠವಾಗಿತ್ತು. ಮೇಷ್ಟ್ರ ಕೈಕೆಳಗಿನ ಮೊದಲ ವಿಜ್ಞಾನಿ ಆತ. ಮೇಷ್ಟ್ರು ಕುರ್ಚಿ ಬಿಟ್ಟರೆ ಕೂರುವವನು. ಬೆಳಗ್ಗೆ ಒಂಬತ್ತಕ್ಕೆ ವೈರಸ್ ಹಾಕಿದೆ, ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಫಾರ್ಮಲಿನ್ ಸುರಿದೆ, ಹದಿನೈದು ನಿಮಿಷ ಕಾದು ಮೂರು ಸಲ ತೊಳೆದೆ, ಒಂದೂಮುಕ್ಕಾಲರವರೆಗೆ ಕೂತ ಜಾಗ ಬಿಟ್ಟು ಏಳುವ ಹಾಗಿರಲಿಲ್ಲ. ನೋಟ್‌ಬುಕ್ ಇದೆ. ಗಾಜು ಇದೆ.

ಅದು ಯಾಕೆ ಮುಖ್ಯವೆಂದರೆ, ತಣ್ಣನೆ ಕೋಣೆಯ ಹೊರಗೋಡೆಯ ಮೇಲೆ ಉಷ್ಣತೆ ಬರೆಯುವ ಒಂದು ಪೆಟ್ಟಿಗೆಯಿದೆ. ದುಂಡನೆ ಕಾಗದ ತಿರುಗುತ್ತಿರುತ್ತದೆ, ಪೆನ್ನು ಗೆರೆ ಎಳೆಯುತ್ತಿರುತ್ತದೆ. ಬಾಗಿಲು ತೆಗೆದರೆ ಹೊರಗಿನ ಸೆಕೆ ಒಳನುಗ್ಗಿ ಪೆನ್ನು ಒಂದು ಉಬ್ಬು ಬರೆಯುತ್ತದೆ. ಮಂಗಳವಾರ ಮಧ್ಯಾಹ್ನದ ಕಾಗದದಲ್ಲಿ ಮೂರು ಉಬ್ಬು. ಒಂದು ಗಂಟೆ ಐದು ನಿಮಿಷಕ್ಕೆ ಒಂದು. ಒಂದು ನಲವತ್ತಕ್ಕೆ ಒಂದು ಚಿಕ್ಕದು. ಮೂರಕ್ಕೆ ದೊಡ್ಡದು, ಅದು ಕಾವಲುಗಾರನದು. ಕೀ ನೇತಾಡುವುದು ಕಂಡು ಅವನು ಬೀಗ ತೆಗೆದಿದ್ದ, ಮೇಷ್ಟ್ರು ಬಿದ್ದಿರುವುದನ್ನು ನೋಡಿ ಬಾಗಿಲನ್ನು ಹಾಗೇ ಬಿಟ್ಟು ಕೂಗುತ್ತ ಮೆಟ್ಟಿಲಿಳಿದಿದ್ದ. ಒಳಗಿನಿಂದ ಬಾಗಿಲು ತೆಗೆಯುವ ಗುಂಡಿ ಎರಡು ತಿಂಗಳಿಂದ ಕೆಟ್ಟಿತ್ತು.

ಮೊದಲ ದಿನ ಎಲ್ಲರೂ ಕಾಲುಜಾರಿ ಬಿದ್ದದ್ದು ಎಂದೇ ಅಂದುಕೊಂಡರು. ಬೀಗದ ಮಾತು ಕಾವಲುಗಾರನಿಗೆ ನೆನಪಾಗಿದ್ದು ಮರುದಿನ. ಪೊಲೀಸು ಬಂದದ್ದೂ ಆಗಲೇ.

ಒಂದರಿಂದ ಒಂದೂಮುಕ್ಕಾಲರವರೆಗೆ ಆ ಮಹಡಿಯಲ್ಲಿ ಮೇಷ್ಟ್ರನ್ನು ಬಿಟ್ಟರೆ ಇದ್ದವರು ಇಬ್ಬರೇ ಎಂದು ಹಾಜರಿ ಪುಸ್ತಕ ಹೇಳುತ್ತಿತ್ತು. ಚಿಕ್ಕ ಡಾಕ್ಟರ್ ಹತ್ತಿರ ಗಾಜಿತ್ತು. ಅಕ್ಕನ ಹತ್ತಿರ ಏನೂ ಇರಲಿಲ್ಲ. ‘ಜೀವಕೋಶ ಬೆಳೆಸೋ ಕೋಣೇಲಿದ್ದೆ, ಒಬ್ಬಳೇ ಇದ್ದೆ’ ಎಂದಿದ್ದಳು. ಅಷ್ಟೇ. ಆ ಕಟ್ಟಡದಲ್ಲಿ ಓದಿದವರು ಹೇಳಿದರೆ ಅದು ಹೇಳಿಕೆ, ಓದದವರು ಹೇಳಿದರೆ ಅದು ನೆಪ.

“ಅಂದ್ರೆ ಈ ಗಾಜಿಗೆ ಫಾರ್ಮಲಿನ್ ಬಿದ್ದಿದ್ದು ಒಂದಕ್ಕಲ್ಲ,” ಎಂದರು ಇನ್‌ಸ್ಪೆಕ್ಟರ್ ನಿಧಾನವಾಗಿ. “ಒಂಬತ್ತಕ್ಕೆ ಎಂಟು ಸೇರಿಸಿದ್ರೆ ಸಂಜೆ ಐದು.”

“ಆಂಬುಲೆನ್ಸ್ ಹೋದ ಮೇಲೆ ಮೇಡಂ. ಎಲ್ಲರೂ ಆಸ್ಪತ್ರೆಗೆ ಓಡಿದ್ದಾಗ.”

“ಕರೆಸು ಆ ಮಹಾನುಭಾವನ್ನ. ನೀನು ಮಾತಾಡಬೇಡ.”

* * *

ಚಿಕ್ಕ ಡಾಕ್ಟರ್ ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಬಂದ. ಶನಿವಾರ ಪ್ರಯೋಗಾಲಯದಲ್ಲಿ ಯಾರೂ ಕೋಟು ಹಾಕುವುದಿಲ್ಲ. ಪರದೆ ಸರಿಸಿ ಒಳಬಂದವನ ಕಣ್ಣು ಮೊದಲು ಬಿದ್ದದ್ದು ಯಂತ್ರದ ಮೇಲಿದ್ದ ಗಾಜಿನ ಮೇಲೆ, ಆಮೇಲೆ ಲೆನ್ಸುವಿನ ಮೇಲೆ.

“ನನ್ನ ಸ್ಲೈಡ್ ಮುಟ್ಟೋಕೆ ಇವನಿಗೆ ಯಾರು ಹೇಳಿದ್ದು?”

“ನಾನು,” ಎಂದರು ಇನ್‌ಸ್ಪೆಕ್ಟರ್. “ಕೂತ್ಕೊಳ್ಳಿ ಡಾಕ್ಟ್ರೇ. ಕುರ್ಚಿ ಇಲ್ಲ, ನಿಂತ್ಕೊಳ್ಳಿ. ಈ ಗಾಜಿನಲ್ಲಿ ಅಳಿಯ ಎಲ್ಲಿದ್ದಾನೆ, ನೋಡಿ ಹೇಳಿ.”

ಚಿಕ್ಕ ಡಾಕ್ಟರ್ ನಕ್ಕ. ಆದರೆ ಬಗ್ಗಿ ನೋಡಿದ. ನಗು ಹಾಗೇ ಉಳಿಯಿತು, ಅದರ ಹಿಂದಿದ್ದದ್ದು ಮಾತ್ರ ಎದ್ದು ಹೋಯಿತು.

“ಮೇಡಂ, ಇದು ತಾಂತ್ರಿಕ ವಿಷಯ. ಮೆಕ್ಯಾನಿಕ್ ಮಾತು ಕಟ್ಟಿಕೊಂಡು—”

“ಅವನು ಮಾತಾಡಿಲ್ಲ. ನಾನೇ ನೋಡಿದ್ದು. ಒಳಗೆ ಖಾಲಿ, ಹೊರಗೆ ಹಸಿರು.”

“ಹೊರಗಿನ ಹಸಿರು ನಿಜವಾದ ಹಸಿರಲ್ಲ,” ಎಂದ ಚಿಕ್ಕ ಡಾಕ್ಟರ್, ಪಾಠ ಹೇಳುವ ದನಿಯಲ್ಲಿ. “ಹರ್ಪಿಸ್ ಸೋಂಕು ತಗುಲಿದ ಜೀವಕೋಶಕ್ಕೆ ಒಂದು ಕೆಟ್ಟ ಅಭ್ಯಾಸ ಇದೆ. ವೈರಸ್ ತನ್ನದೇ ಕೊಕ್ಕೆಗಳನ್ನ ಮನೆ ಗೋಡೆ ಮೇಲೆಲ್ಲ ನೆಡುತ್ತೆ. ನಾವು ಬಣ್ಣ ಹತ್ತಿಸೋಕೆ ಮೊಲದ ರಕ್ತದಿಂದ ತೆಗೆದ ಆಂಟಿಬಾಡಿ ಹಾಕಿದ್ರೆ, ಆ ಕೊಕ್ಕೆಗೆ ಅದು ಸುಮ್ನೆ ಸಿಕ್ಕಿಕೊಳ್ಳುತ್ತೆ. ಅಳಿಯ ಇಲ್ಲದ ಕಡೆನೂ ಹಸಿರು ಕಾಣುತ್ತೆ. ಇದು ಎಲ್ಲ ಕಡೆ ಆಗೋ ತಪ್ಪು. ಈ ಕ್ಷೇತ್ರದಲ್ಲಿ ಇರೋರಿಗೆ ಗೊತ್ತಿರುತ್ತೆ.”

ಇನ್‌ಸ್ಪೆಕ್ಟರ್ ಲೆನ್ಸುವಿನ ಕಡೆ ತಿರುಗಿದರು. “ಹೌದಾ?”

“ಮಾತಾಡಬೇಡ ಅಂದಿದ್ರಿ.”

“ಈಗ ಮಾತಾಡು ಅಂತಿದ್ದೀನಿ, ಧಿಮಾಕು ಬಿಡು.”

“ಅವರು ಹೇಳಿದ್ದು ನಿಜ ಮೇಡಂ. ಸುಳ್ಳು ಹಸಿರು ಅಂತ ಒಂದಿದೆ.” ಲೆನ್ಸು ಗಾಜಿನ ಕಡೆ ಬೆರಳು ಮಾಡಿದ. “ಸುಳ್ಳು ಹಸಿರು ಹಜಾರಕ್ಕೆ ಬಣ್ಣ ಬಳೀಬಹುದು. ಒಳಕೋಣೇಲಿ ಇದ್ದೋನನ್ನ ಮಾಯ ಮಾಡೋಕಾಗುತ್ತಾ? ನಾಲ್ಕನೇ ಗಂಟೆಗೆ ನಿಲ್ಲಿಸಿದ್ರೆ ಅಳಿಯ ಒಳಗೇ ಇರಬೇಕಿತ್ತು. ಹೊರಗೂ ಹಸಿರು, ಒಳಗೂ ಹಸಿರು ಕಾಣಬೇಕಿತ್ತು. ಇಲ್ಲಿ ಒಳಗೆ ಏನಿದೆ? ಕೇಳಿ ಅವರನ್ನೇ.”

ಚಿಕ್ಕ ಡಾಕ್ಟರ್ ಮತ್ತೊಮ್ಮೆ ಬಗ್ಗಿ ನೋಡಿದ. 

“ಆ ದಿನ ವೈರಸ್ ಹೆಚ್ಚು ಬಿದ್ದಿರಬಹುದು,” ಎಂದ ಚಿಕ್ಕ ಡಾಕ್ಟರ್. “ಬೇಗ ಓಡಿರಬಹುದು.”

“ನೋಟ್‌ಬುಕ್ಕಲ್ಲಿ ಎಂದಿನಷ್ಟೇ ಅಂತ ಬರೆದಿದ್ದೀರಿ,” ಎಂದರು ಇನ್‌ಸ್ಪೆಕ್ಟರ್. “ನಿಮ್ಮ ಅಕ್ಷರ ಚೆನ್ನಾಗಿದೆ. ಒಂದು ಸಲ ಓದಿದ್ರೆ ಮರೆಯಲ್ಲ.”

ಚಿಕ್ಕ ಡಾಕ್ಟರ್ ಕೋಟಿನ ಗುಂಡಿ ಬಿಚ್ಚಿದ, ಮತ್ತೆ ಹಾಕಿದ. ಲೆನ್ಸುವಿಗೆ ಈ ಕ್ಷಣಕ್ಕಾಗಿ ಹನ್ನೊಂದು ವರ್ಷ ಕಾದಂತೆ ಅನಿಸಿತು. ಅಕ್ಕ ಇಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ಈ ಮನುಷ್ಯನೂ ಸೇರಿದ್ದು. ವೈರಸ್ ಬೆಳೆಸಿದ್ದು ಅವಳು, ಗಾಜು ಮಾಡಿದ್ದು ಅವಳು, ಹಬೆಯಲ್ಲಿ ಕೈ ಸುಟ್ಟುಕೊಂಡದ್ದು ಅವಳು. ಮುದ್ರಣವಾಗಿ ಬಂದ ಹದಿನಾಲ್ಕು ಲೇಖನದಲ್ಲಿ ಒಂದರಲ್ಲೂ ಅವಳ ಹೆಸರಿರಲಿಲ್ಲ. ಒಮ್ಮೆ ಅವನು ಕೇಳಿದ್ದ: ‘ನಿನ್ನ ಕೆಲಸ ಅಂತ ಹೇಳೋಕೆ ನಿಂಗೆ ಬಾಯಿಲ್ವಾ?’ ಅಕ್ಕ, ‘ಬಾಯಿದೆ ಪುಟ್ಟಾ, ಕಿವಿ ಇರೋರು ಬೇಕಲ್ಲ’ ಎಂದಿದ್ದಳು.

“ಸರಿ,” ಎಂದ ಚಿಕ್ಕ ಡಾಕ್ಟರ್ ಕೊನೆಗೆ. ದನಿ ತಣ್ಣಗಿತ್ತು. “ಅದು ಎಂಟನೇ ಗಂಟೆಯ ಗಾಜು. ಒಪ್ಪಿಕೊಂಡೆ. ಆದ್ರೆ ಅದನ್ನ ಮಾಡಿದ್ದು ನಾನಲ್ಲ.”

“ಮತ್ತೆ?”

“ಯಾವ ಗಾಜನ್ನೂ ನಾನು ಮಾಡಲ್ಲ ಮೇಡಂ. ಮಾಡಿ ವರ್ಷಗಳಾಯ್ತು. ಇಲ್ಲಿ ಯಾರೂ ಮಾಡಲ್ಲ. ಇವನ ಅಕ್ಕ ಮಾಡ್ತಾಳೆ. ಎಷ್ಟು ಗಂಟೆಗೆ ಏನು ಮಾಡಿದೆ ಅಂತ ಒಂದು ಚೀಟಿ ಬರೆದಿಡ್ತಾಳೆ. ನಾನು ಅದನ್ನ ನೋಟ್‌ಬುಕ್ಕಿಗೆ ಇಳಿಸ್ತೀನಿ.”

“ನಿಮ್ಮ ಕೈಯಲ್ಲಿ. ‘ಫಾರ್ಮಲಿನ್ ಹಾಕಿದೆ’ ಅಂತ.”

“ಎಲ್ಲ ಕಡೆ ಹಾಗೇ ಬರೆಯೋದು.”

ಅವನು ಕೋಟಿನ ಒಳಜೇಬಿನಿಂದ ಮಡಿಸಿದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ಇನ್‌ಸ್ಪೆಕ್ಟರ್ ಟಾರ್ಚು ಹಾಕಿದರು. ಔಷಧಿ ಕಂಪನಿಯ ಕ್ಯಾಲೆಂಡರಿನ ಹಾಳೆಯ ಹಿಂಭಾಗ. ನೇರ, ಒತ್ತಿ ಬರೆದ ಅಕ್ಷರ. ಮಂಗಳವಾರ. ೯.೦೦ ವೈರಸ್. ೧.೦೦ ಫಾರ್ಮಲಿನ್. ೧.೪೦ ತೊಳೆದು ಮುಗೀತು.

ಆ ಅಕ್ಷರ ಲೆನ್ಸುವಿಗೆ ಗೊತ್ತಿತ್ತು. ಅವನ ಮೊದಲ ಸ್ಲೇಟಿನ ಮೇಲೆ ಅವನ ಕೈ ಹಿಡಿದು ತಿದ್ದಿಸಿದ ಅಕ್ಷರ ಅದು.

“ಒಂದು ಗಂಟೆಗೆ ನೀವೆಲ್ಲಿದ್ರಿ ಹಾಗಾದ್ರೆ?” ಇನ್‌ಸ್ಪೆಕ್ಟರ್ ದನಿ ಬದಲಾಗಿರಲಿಲ್ಲ.

“ಹಾಜರಿ ಹಾಕಿ ಹಿಂಬಾಗಿಲಿಂದ ಹೋಗಿದ್ದೆ. ಊರಿನ ಆ ತುದೀಲಿರೋ ಇನ್ನೊಂದು ಸಂಸ್ಥೆಗೆ. ಕೆಲಸಕ್ಕೆ ಸಂದರ್ಶನ. ಹನ್ನೆರಡೂವರೆಯಿಂದ ಎರಡರವರೆಗೆ ಐದು ಜನರ ಎದುರಿಗೆ ಕೂತಿದ್ದೆ.” ಇನ್ನೊಂದು ಕಾಗದ ಮೇಜಿಗೆ ಬಂತು. “ಮೇಷ್ಟ್ರಿಗೆ ತಿಳಿದ್ರೆ ಇಲ್ಲಿನದೂ ಹೋಗುತ್ತೆ, ಅಲ್ಲಿನದೂ ಹೋಗುತ್ತೆ. ನೀವು ಕೇಳಿದಾಗ ಚೀಟಿ ಜೇಬಲ್ಲಿತ್ತು. ನಂದು ಅಂತ ಹೇಳಿಬಿಟ್ಟೆ.”

“ಅಭ್ಯಾಸ ಬಲ,” ಎಂದರು ಇನ್‌ಸ್ಪೆಕ್ಟರ್.

ಅವರು ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಲು ಹೊರಗೆ ಹೋದರು. ಕತ್ತಲಲ್ಲಿ ಇಬ್ಬರೇ ಉಳಿದರು. ಲೆನ್ಸುವಿನ ಕೈ ಮುಷ್ಟಿಯಾಗಿತ್ತು. ಹೊಡೆದರೆ ಏನು ಸಿಗುತ್ತದೆ ಎಂದು ಅವನು ನಿಜವಾಗಿಯೂ ಲೆಕ್ಕ ಹಾಕುತ್ತಿದ್ದ.

“ನಿನಗೆ ಸಂತೋಷ ಆಗಬೇಕಪ್ಪ,” ಎಂದ ಚಿಕ್ಕ ಡಾಕ್ಟರ್ ಮೆಲ್ಲಗೆ. “ಕೆಲಸ ಎಲ್ಲ ಅವಳದೇ ಅಂತ ಒಪ್ಪಿಕೊಂಡೆ.”

ಹನ್ನೊಂದು ವರ್ಷದಲ್ಲಿ ಮೊದಲ ಸಲ. ಒಪ್ಪಿಕೊಂಡದ್ದು ಈ ಒಂದು ಗಾಜನ್ನು.

ಇನ್‌ಸ್ಪೆಕ್ಟರ್ ಪರದೆ ಸರಿಸಿದರು. ಬೆಳಕು ಕತ್ತಿಯಂತೆ ಒಳಬಿತ್ತು. “ಡಾಕ್ಟ್ರು ಹೇಳಿದ್ದು ನಿಜ. ಐದು ಜನರಲ್ಲಿ ಇಬ್ಬರ ಹತ್ತಿರ ಮಾತಾಡಿದೆ. ಪೊಲೀಸರಿಗೆ ಸುಳ್ಳು ಹೇಳಿದ್ದಕ್ಕೆ ಆಮೇಲೆ ನೋಡ್ಕೋತೀನಿ, ಈಗ ಹೊರಡಿ.” ಆತ ಹೋದ ಮೇಲೆ ಅವರು ಲೆನ್ಸುವಿನ ಕಡೆ ನೋಡಿದರು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ. “ಏನಾಯ್ತು ಅಂತ ಅರ್ಥ ಆಯ್ತಾ?”

ಅರ್ಥವಾಗಿತ್ತು. ಅವನು ಗಾಜಿನಿಂದ ಇನ್ನೊಬ್ಬನ ಸುಳ್ಳು ಒಡೆಯಲು ಹೋಗಿದ್ದ. ಒಡೆದದ್ದು ಅಕ್ಕನದು. ಒಂದು ಗಂಟೆಗೆ ಅವಳು ಫಾರ್ಮಲಿನ್ ಸುರಿದಿರಲಿಲ್ಲ. ಐದಕ್ಕೆ ಸುರಿದು ಒಂದು ಎಂದು ಬರೆದಿದ್ದಳು. ಹತ್ತು ನಿಮಿಷ ತಡವಾದರೆ ಇಡೀ ದಿನದ ಗಾಜನ್ನು ಕಸಕ್ಕೆ ಎಸೆದು ಮತ್ತೆ ಮೊದಲಿನಿಂದ ಶುರು ಮಾಡುವ ಅಕ್ಕ.

“ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು,” ಎಂದ.

“ಇರಬೇಕಿತ್ತು. ಈಗ ನಡಿ.”

* * *

ಅಕ್ಕ ಅಮಾನತಿನಲ್ಲಿದ್ದಳು. ಪ್ರಯೋಗಾಲಯದೊಳಗೆ ಕಾಲಿಡುವ ಹಾಗಿರಲಿಲ್ಲ. ಆದರೆ ಗಾಜು ತೊಳೆಯುವ ಕೋಣೆಯನ್ನು ಯಾರೂ ಪ್ರಯೋಗಾಲಯವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೂರು ಗಂಟೆಗೆ ಇಲ್ಲೇ ಬಂದಿರಬೇಕೆಂದು ಹೇಳಿಕಳಿಸಿದ್ದರು; ಅವಳು ಹನ್ನೊಂದಕ್ಕೇ ಬಂದು ನಾಲ್ಕು ದಿನದ ಕೊಳೆ ಸೀಸೆಗಳನ್ನು ತೊಳೆಯುತ್ತ ನಿಂತಿದ್ದಳು. ಹಬೆಗೆ ಕಿಟಕಿ ಬೆವರಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಮುಂಗೈ ಮೇಲೆ ಹಳೆಯ ಸುಟ್ಟಕಲೆ ಹೊಳೆಯುತ್ತಿತ್ತು.

“ಇದನ್ನೆಲ್ಲ ಯಾರೂ ತೊಳೆದಿಲ್ಲ ನೋಡು,” ಎಂದಳು, ತಿರುಗದೆಯೇ, ತಮ್ಮನ ಚಪ್ಪಲಿಯ ಸದ್ದು ಗುರುತಿಸಿ. “ಒಣಗಿ ಕಚ್ಚಿಕೊಂಡಿದೆ. ಊಟ ಮಾಡಿದ್ಯಾ?”

“ಅಕ್ಕಾ, ಮಂಗಳವಾರದ ಗಾಜು ನೋಡಿದೆ.”

ಬ್ರಷ್ಷು ನಿಂತಿತು.

“ದೀಪ ಸುಟ್ಟಿತ್ತಲ್ಲ,” ಎಂದಳು.

“ಹಾಕಿದೆ.”

“ನೀನೇ?”

“ಇನ್ನ್ಯಾರು ಹಾಕ್ತಾರೆ?”

ಅವಳು ಸೀಸೆಯನ್ನು ಮಗುಚಿ ಇಟ್ಟಳು. ಇನ್ನೊಂದನ್ನು ಎತ್ತಿಕೊಂಡಳು, ತೊಳೆಯದೆ ಹಿಡಿದು ನಿಂತಳು. “ಇಲ್ಲಿ ಎಲ್ಲರೂ ನೋಟ್‌ಬುಕ್ ನೋಡ್ತಾರೆ ಪುಟ್ಟಾ. ಗಾಜನ್ನ ಯಾರೂ ನೋಡಲ್ಲ. ನನಗೆ ಅಂತ ಒಂದು ಸುಳ್ಳು ಮಾಡಿಟ್ಟುಕೊಂಡಿದ್ದೆ. ಪೊಲೀಸಿನೋರು ಕೇಳೋ ಹೊತ್ತಿಗೆ ಚಿಕ್ಕ ಡಾಕ್ಟ್ರು ಅದನ್ನೂ ತಮ್ಮದು ಅಂತ ಎತ್ತಿಕೊಂಡಿದ್ರು. ಸುಳ್ಳು ವಾಪಸ್ ಕೊಡಿ ಅಂತ ಹೋಗಿ ಕೇಳ್ಲಾ?” ನಗಲು ನೋಡಿದಳು. “ನೋಡೋನು ಒಬ್ಬನೇ ಇದ್ದ. ಅದು ನೀನು ಅಂತ ಹೊಳೀಲಿಲ್ಲ.”

“ಸುಳ್ಳು ಹೇಳಿದ್ರೆ ಬಾಯಿಗೆ ಬರೆ ಹಾಕ್ತೀನಿ ಅಂತಿದ್ದೋಳು ನೀನು!” ಲೆನ್ಸು ಕೂಗಿದ. “ಎಲ್ಲಿದ್ದೆ ಅಕ್ಕಾ? ಒಂದು ಗಂಟೆಗೆ ಎಲ್ಲಿದ್ದೆ? ಇನ್ನರ್ಧ ಗಂಟೇಲಿ ನಿನ್ನ ಜೀಪಿಗೆ ಹತ್ತಿಸ್ತಾರೆ. ನಿನ್ನ ಬಿಡಿಸೋಕೆ ಅಂತ ಹೋಗಿ ನಾನೇ ಹಗ್ಗ ಹೊಸೆದುಕೊಟ್ಟೆ.”

“ಕೂಗಾಡಬೇಡ. ಸೀಸೆ ಬೀಳುತ್ತೆ.”

ಅವಳು ಆಗ ಬಾಗಿಲ ಕಡೆ ನೋಡಿದಳು. ಇನ್‌ಸ್ಪೆಕ್ಟರ್ ಚೌಕಟ್ಟಿಗೆ ಒರಗಿ ನಿಂತಿದ್ದರು. ಅಕ್ಕ ಕೈ ಒರೆಸಿಕೊಂಡಳು, ಒಂದೊಂದೇ ಬೆರಳನ್ನು.

“ಒಂದು ಗಂಟೆಗೆ ಫಾರ್ಮಲಿನ್ ಹಾಕೋಕೆ ಅಂತಾನೇ ಕೂತಿದ್ದೆ ಮೇಡಂ. ಮೇಷ್ಟ್ರು ಬಂದ್ರು. ಕೆಳಗಿನ ಉಗ್ರಾಣದಲ್ಲಿ ಹಳೇ ನೋಟ್‌ಬುಕ್ ಒಂದಿದೆ, ಹನ್ನೊಂದು ವರ್ಷದ ಹಿಂದಿನದು, ತಗೊಂಡು ಬಾ ಅಂದ್ರು. ಈಗಲೇ ಅಂದ್ರು. ಅವರು ಯಾವತ್ತೂ ಗಾಜಿನ ಹೊತ್ತಲ್ಲಿ ನನ್ನ ಎಬ್ಬಿಸಿದೋರಲ್ಲ. ಹುಡುಕೋಕೆ ಅರ್ಧ ಗಂಟೆ ಹಿಡೀತು. ಬಂದು ನೋಡಿದ್ರೆ ಅವರ ಕೋಣೇಲಿ ಇಲ್ಲ. ತಣ್ಣನೆ ಕೋಣೆ ದೀಪ ಉರೀತಿತ್ತು.”

“ಒಂದು ನಲವತ್ತರ ಉಬ್ಬು,” ಎಂದರು ಇನ್‌ಸ್ಪೆಕ್ಟರ್.

“ಬಾಗಿಲು ತೆಗೆದೋಳು ನಾನೇ. ನೋಟ್‌ಬುಕ್ ಕೈಗೆ ಕೊಟ್ಟೆ. ಅವರು, ‘ಹೊರಗಿಂದ ಬೀಗ ಹಾಕಮ್ಮ. ನಾನು ಬಾಗಿಲು ಬಡಿಯೋವರೆಗೂ ತೆಗೀಬೇಡ. ಯಾರು ಕೇಳಿದ್ರೂ ನೀನು ನನ್ನ ನೋಡಿಲ್ಲ’ ಅಂದ್ರು.”

“ಹಾಕಿದ್ರಾ?”

“ಹಾಕಿದೆ. ಬಡಿದ ತಕ್ಷಣ ತೆಗೀಬಹುದು ಅಂತ ಕೀ ಅಲ್ಲೇ ಬಿಟ್ಟೆ. ಪಕ್ಕದ ಕೋಣೇಲಿ ಕಿವಿ ಕೊಟ್ಟುಕೊಂಡು ಕೂತಿದ್ದೆ. ಬಡೀಲೇ ಇಲ್ಲ. ಆಮೇಲೆ ಕಾವಲಿನೋನು ಕೂಗಿದ್ದು ಕೇಳಿಸ್ತು. ಗಾಜು ನೆನಪಾಗಿದ್ದು ಐದಕ್ಕೆ.”

ಬೀಗ ಹಾಕಿದವಳು ಅವಳೇ. ತನ್ನ ಬಾಯಿಂದಲೇ ಹೇಳಿದಳು. ಹೇಳಿದ ದನಿಯಲ್ಲಿ ಅಳುಕಿರಲಿಲ್ಲ. ಹಬೆಯ ಯಂತ್ರದ ಒತ್ತಡ ಎಷ್ಟಿತ್ತು ಎಂದು ಹೇಳುವವಳ ಹಾಗಿತ್ತು.

“ಒಳಗಿನ ಗುಂಡಿ ಕೆಟ್ಟಿದೆ ಅಂತ ನಿಮಗೆ ಗೊತ್ತಿತ್ತು,” ಎಂದರು ಇನ್‌ಸ್ಪೆಕ್ಟರ್.

“ರಿಪೇರಿಗೆ ಮೂರು ಸಲ ಬರೆದುಕೊಟ್ಟೋಳು ನಾನೇ.”

“ಮೇಷ್ಟ್ರಿಗೂ?”

“ಅವರಿಗೂ ಗೊತ್ತಿತ್ತು.”

“ಆಗ ಅವರ ತಲೇಲಿ ಗಾಯ ಇತ್ತಾ?”

“ಇರಲಿಲ್ಲ ಮೇಡಂ. ನೆಟ್ಟಗೆ ನಿಂತಿದ್ರು. ಕನ್ನಡಕ ಒರೆಸಿಕೊಳ್ತಿದ್ರು.”

ಇನ್‌ಸ್ಪೆಕ್ಟರ್ ಒಳಗೆ ಬಂದು, ಸೀಸೆಗಳನ್ನು ಸರಿಸಿ, ಮೇಜಿನ ಅಂಚಿಗೆ ಕೂತರು. ಜೇಬಿನಿಂದ ತಣ್ಣನೆ ಕೋಣೆಯ ದುಂಡನೆ ಕಾಗದದ ನಕಲು ತೆಗೆದು ಮಂಡಿಯ ಮೇಲೆ ಹರಡಿದರು. ಒಂದು ನಲವತ್ತರ ಚಿಕ್ಕ ಉಬ್ಬಿನ ಮೇಲೆ ಬೆರಳಿಟ್ಟರು. ಅಲ್ಲಿಂದ ಮೂರು ಗಂಟೆಯ ಉಬ್ಬಿನವರೆಗೆ ಬೆರಳು ಎಳೆದರು. ನಡುವೆ ಗೆರೆ ನೂಲು ಹಿಡಿದಂತೆ ನೇರವಾಗಿತ್ತು.

“ಹಾಗಾದ್ರೆ ನೀವು ಹೋದ ಮೇಲೆ ಈ ಬಾಗಿಲು ಯಾರೂ ತೆಗೆದಿಲ್ಲ. ಮೇಷ್ಟ್ರು ನೆಟ್ಟಗಿದ್ದವರು ಒಳಗೇ ತಲೆ ಒಡೆದು ಬಿದ್ದರು. ಮೂರಕ್ಕೆ ಕಾವಲುಗಾರ ಬಾಗಿಲು ತೆರೆದಿಟ್ಟೇ ಕೆಳಗೆ ಓಡಿದ.” ಕಾಗದ ಮಡಿಸಿದರು. “ಇದು ಮೂರಕ್ಕೆ ಮೊದಲು ನಾನು ಕೇಳೋ ಕೊನೇ ಪ್ರಶ್ನೆ. ಯೋಚನೆ ಮಾಡಿ ಹೇಳಿ. ನೀವು ಬೀಗ ಹಾಕೋವಾಗ ಆ ಕೋಣೇಲಿ ಎಷ್ಟು ಜನ ಇದ್ರು?”

ಅಕ್ಕ ಯೋಚಿಸಲಿಲ್ಲ. ತಮ್ಮನ ಮುಖ ನೋಡಿದಳು, ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ನಾಲ್ಕು ದಿನದಿಂದ ನುಂಗಿಕೊಂಡದ್ದನ್ನು ಅವನ ಎದುರಿಗೇ ಉಗುಳಬೇಕಾಯಿತಲ್ಲ ಎಂಬಂತೆ.

“ಮೇಷ್ಟ್ರೂ ಸೇರಿ ಇಬ್ಬರು,” ಎಂದಳು.